ಹುಣಸೆಹುಳಿಯಲ್ಲಿ ತೊಳೆದ ನಾಲ್ಕು ಬೋಲ್ಟು

ಗಂಡ ಕಟ್ಟಿದ ವಿಮಾನದೊಳಗೆ ಅಂಗಾತ ಮಲಗಿ ನಟ್ಟು ಹಾಕಿದ ಹೆಂಗಸರು ಈ ಪೋರೂರಿನಲ್ಲಿ ಎಷ್ಟು ಮಂದಿ ಇದ್ದಾರೋ ನನಗೆ ಗೊತ್ತಿಲ್ಲ. ನಾನೊಬ್ಬಳಂತೂ ಇದ್ದೇನೆ. ಐವತ್ತೆಂಟನೆಯ ವಯಸ್ಸಿನಲ್ಲಿ, ಸೀರೆ ಬಿಚ್ಚಿಟ್ಟು ಮಗಳ ಹಳೆಯ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಒಂದು ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು ಅದರೊಳಗೆ ಹೋದೆ. ಹೋದೆ ಎನ್ನುವುದು ಮರ್ಯಾದೆಗೆ ಹೇಳುವ ಮಾತು. ನನ್ನ ಗಂಡ ವಿಷ್ಣುಮೂರ್ತಿ ಮತ್ತು ನಮ್ಮ ಹೋಟೆಲಿನ ಮೋನಪ್ಪ ಇಬ್ಬರೂ ಸೇರಿ ನನ್ನನ್ನು ತುರುಕಿದರು. ಬೆನ್ನು ನೆಲದ ತಗಡಿಗೆ, ಕಾಲು ಸೀಟಿನ ಬೆನ್ನಿನ ಮೇಲಕ್ಕೆ, ತಲೆ ಪೆಡಲುಗಳ ಸಂದಿಗೆ. ಹೊಟ್ಟೆಯಿಂದ ಒಂದು ಗೇಣು ಮೇಲೆ ಅಡ್ಡ ಕೊಳವೆ. ಒಳಗೆ ಜಾರುವುದು ಸುಲಭ. ಹೊರಗೆ ಬರಬೇಕಾದರೆ ಯಾರಾದರೂ ಕಾಲು ಹಿಡಿದು ಎಳೆಯಬೇಕು, ಹಸುವಿನ ಹೊಟ್ಟೆಯಿಂದ ಕರು ಎಳೆದ ಹಾಗೆ.

ಈ ಕೆಲಸಕ್ಕೆ ಮೊದಲು ಗಂಗಾಧರ ಎಂಬ ಹಂಚಿಕಡ್ಡಿಯಂಥ ಮನುಷ್ಯ ಬರುತ್ತಿದ್ದ. ಅವನಿಗೆ ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ನನ್ನ ಗಂಡನಿಗೆ ಸೊಂಟ ನೋವು, ಮೋನಪ್ಪನಿಗೆ ಮುಂದೆ ಹೊಟ್ಟೆ. ಉಳಿದವಳು ನಾನು.

ವಿಷ್ಣುಮೂರ್ತಿಗೆ ಈಗ ಅರವತ್ತಾರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಫ್ಲೈಯಿಂಗ್ ಕ್ಲಬ್ಬಿಗೆ ಹೋಗಿ ವಿಮಾನ ಹಾರಿಸಲು ಕಲಿತು ಲೈಸನ್ಸ್ ತೆಗೆದುಕೊಂಡರಂತೆ. ಮರುವರ್ಷವೇ ನನ್ನ ಮಾವ, ಹಾರಿದ್ದು ಸಾಕು, ದೋಸೆಕಲ್ಲಿನ ಹತ್ತಿರ ಬಾ ಎಂದು ಕರೆಸಿಕೊಂಡರು. ಉಡುಪಿಯ ಕಡೆಯಿಂದ ಈ ತಮಿಳು ಸೀಮೆಗೆ ಬಂದು ಪೋರೂರಿನ ಆಸ್ಪತ್ರೆಯ ಎದುರು ಹೋಟೆಲು ಹಾಕಿದವರಿಗೆ ಆಕಾಶದ ಉಸಾಬರಿ ಯಾಕೆ? ಮೂವತ್ತೆರಡು ವರ್ಷ ಇವರು ಹೋಟೆಲಿನ ಗ್ರೈಂಡರು, ಬಾಯ್ಲರು, ಹಿಟ್ಟಿನ ಮೆಷಿನ್ನು ನೋಡಿಕೊಂಡರು. ಲೈಸನ್ಸನ್ನು ಮಾತ್ರ ಬಿಡಲಿಲ್ಲ, ಕಾಲಕಾಲಕ್ಕೆ ಎಲ್ಲೋ ಹೋಗಿ ಯಾರದೋ ವಿಮಾನದಲ್ಲಿ ಗಂಟೆ ಲೆಕ್ಕ ತುಂಬಿಸಿ ಬರುತ್ತಿದ್ದರು. ಹೋಟೆಲನ್ನು ಮೈದುನನ ಕೈಗೆ ಕೊಟ್ಟ ಮೇಲೆ, ಹಿಂದೆ ಕಟ್ಟಿಗೆ ಒಟ್ಟುತ್ತಿದ್ದ ಶೆಡ್ಡಿನಲ್ಲಿ ತಮ್ಮದೇ ಎರಡು ಸೀಟಿನ ವಿಮಾನ ಕಟ್ಟಲು ಕೂತರು. ಹನ್ನೊಂದು ವರ್ಷವಾಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವರ ಕೈ ಗ್ರೀಸಾಗಿ ಹನ್ನೊಂದು ವರ್ಷವಾದರೂ ಮೊಸರಿನ ಸುಳಿವಿರಲಿಲ್ಲ.

ಅಷ್ಟೂ ವರ್ಷ ನಾನು ಆ ವಿಮಾನವನ್ನು ಮುಟ್ಟಲಿಲ್ಲ. ಶೆಡ್ಡಿಗೆ ಊಟದ ಡಬ್ಬಿ ತಂದರೂ ಬಾಗಿಲಲ್ಲೇ ಇಟ್ಟು ಬರುತ್ತಿದ್ದೆ. ಬಾಯಿಗೇನೂ ಬೀಗ ಹಾಕಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಸ್ಸು ತೊಳೆಯುತ್ತಿದ್ದೀರಿ ಎಂದು ಹೇಳಿದ್ದೇನೆ. ನಾನು ಮದುವೆಯಾದದ್ದು ಮನುಷ್ಯನನ್ನು, ಗರುಡನನ್ನಲ್ಲ ಎಂದು ನೆಂಟರ ಮುಂದೆಯೇ ಹೇಳಿದ್ದೇನೆ. ಅದರ ರೆಕ್ಕೆ ಮುರಿದುಹೋಗಲಿ ಎಂದು ಹೋಟೆಲಿನ ಅಡುಗೆಯವರೆಲ್ಲ ಕೇಳುವ ಹಾಗೆ ಶಾಪ ಹಾಕಿದ್ದೂ ಉಂಟು. ಇವರು ಉತ್ತರ ಕೊಡುತ್ತಿರಲಿಲ್ಲ. ಸಿಟ್ಟು ಬರದ ಗಂಡಸಿನ ಜೊತೆ ಜಗಳ ಆಡುವುದು ಎಷ್ಟು ಕಷ್ಟವೆಂದು ಆಡಿದವರಿಗೇ ಗೊತ್ತು.

ಈ ಆಗಸ್ಟಿನಲ್ಲಿ ಮಾತ್ರ ನನ್ನ ಮನಸ್ಸು ತಿರುಗಿತು. ಹಾರುವವರಿಗೆ ವೈದ್ಯರ ಸರ್ಟಿಫಿಕೇಟು ಬೇಕು. ಡಾಕ್ಟರು ಇವರ ಕಣ್ಣು, ಸಕ್ಕರೆ ಎಲ್ಲ ನೋಡಿ, "ಇದು ಕಡೈಸಿ ಸಾರ್, ಕೊನೆಯ ಸಲ. ಡಿಸೆಂಬರ್ ವರೆಗೆ ಕೊಡುತ್ತೇನೆ. ಆಮೇಲೆ ನನ್ನ ಹತ್ತಿರ ಬರಬೇಡಿ" ಎಂದು ತಮಿಳಿನಲ್ಲಿ ಹೇಳಿ ಕಳಿಸಿದರು. ಇವರು ಮನೆಗೆ ಬಂದು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಮೊಸರನ್ನ ತಿಂದರು. ಉಪ್ಪಿನಕಾಯಿ ಹಾಕಿಕೊಳ್ಳಲೂ ಮರೆತರು. ಕೊಯಮತ್ತೂರಿನಲ್ಲಿರುವ ಮಗಳು ಸಮೀಕ್ಷಾಗೆ ಫೋನ್ ಮಾಡಿ ಹೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲಿ. "ಒರು ತಡವೆ ಪರಕ್ಕಟ್ಟುಂ ಅಮ್ಮಾ" ಎಂದಳು. ಒಂದು ಸಲ ಹಾರಲಿ ಬಿಡು ಎಂದು ಅರ್ಥ. ಒಂದು ಸಲ ತಾನೆ, ಹಾರಲಿ ಎಂದು ನನಗೂ ಅನ್ನಿಸಿತು.

ಅಕ್ಟೋಬರಿನಲ್ಲಿ ಇಂಜಿನ್ನು ಕೂರಿಸುವ ದಿನ ಬಂತು. ಶುಕ್ರವಾರ ಬೆಳಿಗ್ಗೆ, ಹತ್ತೂವರೆಗೆ ರಾಹುಕಾಲ ಹಿಡಿಯುವ ಮೊದಲು ಮುಗಿಯಬೇಕು. ಗುರುವಾರ ಸಂಜೆ ನಾನಾಗಿಯೇ ಕೇಳಿದೆ, ಪೂಜೆಗೆ ಇಡಲು ಏನಾದರೂ ಕೊಡಿ ಎಂದು. ಇವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಪರದೇಶದಿಂದ ಬಂದ ಒಂದು ಸಣ್ಣ ಪೊಟ್ಟಣ ತಂದು ನನ್ನ ಅಂಗೈಯಲ್ಲಿಟ್ಟರು. ಒಳಗೆ ನಾಲ್ಕು ಬೋಲ್ಟು. ಇಂಜಿನ್ನು ವಿಮಾನಕ್ಕೆ ಅಂಟಿ ನಿಲ್ಲುವುದೇ ಈ ನಾಲ್ಕರ ಮೇಲೆ, ಜೋಪಾನ ಎಂದರು.

ಮನೆಗೆ ಬಂದು ಬಿಚ್ಚಿ ನೋಡಿದರೆ ನಾಲ್ಕಕ್ಕೂ ಹಳದಿ ಹಳದಿ ಕಲೆ. ನಮ್ಮಲ್ಲಿ ದೇವರ ಮುಂದೆ ಕಲೆ ಇರುವ ಪಾತ್ರೆ ಇಡುವುದಿಲ್ಲ. ಹೋಟೆಲಿನಲ್ಲಿ ಗುರುವಾರ ಸಂಜೆ ಎಂದರೆ ದೀಪ, ತಟ್ಟೆ, ಕೊಡಪಾನ ಎಲ್ಲ ಹುಣಸೆಹುಳಿ ಮತ್ತು ಕಲ್ಲುಪ್ಪಿನಲ್ಲಿ ಮಿಂದು ಬೆಳಗುವ ಹೊತ್ತು. ನನ್ನ ಅತ್ತೆ ಕಲಿಸಿದ್ದು, ಮೂವತ್ತಾರು ವರ್ಷದಿಂದ ಮಾಡಿಕೊಂಡು ಬಂದದ್ದು, ಕೈಗೆ ಯೋಚನೆಯೇ ಬೇಕಿಲ್ಲ. ನಾಲ್ಕು ಬೋಲ್ಟನ್ನೂ ದಪ್ಪ ಹುಳಿನೀರಿನಲ್ಲಿ ಉಪ್ಪು ಹಾಕಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ತೆಂಗಿನ ನಾರಿನಲ್ಲಿ ಉಜ್ಜಿದೆ. ಹಳದಿಯೆಲ್ಲ ಹೋಗಿ ಬೆಳ್ಳಿ ಹಾಗೆ ಬಿಳುಪು ಬಂತು. ಹಿತ್ತಾಳೆ ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ, ಒಂದೊಂದಕ್ಕೂ ಒಂದೊಂದು ತುಂಬೆ ಹೂವು ಇಟ್ಟು ಶೆಡ್ಡಿಗೆ ಒಯ್ದೆ. ಇವರು ತಟ್ಟೆ ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. "ಚಂದ ಮಾಡಿದ್ದಿ" ಎಂದರು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಇಷ್ಟು ಆದ ಮೇಲೆ ನನ್ನನ್ನು ಒಳಗೆ ತುರುಕಿದ್ದು.

ನನ್ನ ಮೂಗಿನ ಎದುರು ಇದ್ದದ್ದು ವಿಮಾನದ ಮುಂಭಾಗದ ತಗಡಿನ ಗೋಡೆ. ಅದರ ಆಚೆ ಇಂಜಿನ್ನು, ಈಚೆ ಮನುಷ್ಯರು. ಗೋಡೆಯ ನಾಲ್ಕು ಮೂಲೆಗೆ ನಾಲ್ಕು ತೂತು. ಇಂಜಿನ್ನಿಗೆ ಕೊಳವೆಗಳ ಒಂದು ಚೌಕಟ್ಟು ಇದೆ; ಮೋನಪ್ಪ ಅದನ್ನು ಚೈನ್ ಬ್ಲಾಕಿನಲ್ಲಿ ಎತ್ತಿ ಹಿಡಿಯಬೇಕು, ಇವರು ಹೊರಗಿನಿಂದ ಬೋಲ್ಟು ತೂರಿಸಬೇಕು, ಒಳಗೆ ಬಂದ ತುದಿಗೆ ನಾನು ವಾಷರು ಹಾಕಿ ನಟ್ಟು ತಿರುಗಿಸಬೇಕು. ನಾಲ್ಕು ನಟ್ಟೂ ನನ್ನ ಮುಷ್ಟಿಯಲ್ಲಿದ್ದವು. ಹಣೆಗೆ ಒಂದು ಟಾರ್ಚು ಕಟ್ಟಿದ್ದರು.

"ಅಣ್ಣೇರೇ, ಕೊಂಜ, ಒಂಚೂರು ಎಡಕ್ಕೆ" ಎಂದು ಮೋನಪ್ಪ ಕೂಗಿದ. ಚೈನು ಕಟಕಟ ಎಂದಿತು. ಇಡೀ ವಿಮಾನ ಒಮ್ಮೆ ಅಲುಗಿತು. ಮೇಲಿನ ಎಡ ತೂತಿನಿಂದ ನನ್ನ ಬೋಲ್ಟು, ನಾನು ಬೆಳಗಿದ ಬೋಲ್ಟು, ಬೆಳ್ಳಗೆ ಇಣುಕಿತು. ಖುಷಿಯಿಂದ ನಟ್ಟು ಹಾಕಿದೆ. ಎರಡನೆಯದೂ ಬಂತು, ಅದಕ್ಕೂ ಹಾಕಿದೆ. ಕೆಳಗಿನ ಎರಡು ತೂತು ಮಾತ್ರ ಚೌಕಟ್ಟಿಗೆ ಸರಿಹೊಂದಲಿಲ್ಲ. ಹೊರಗೆ ಇಬ್ಬರೂ ಇಂಜಿನ್ನನ್ನು ಕೂದಲೆಳೆಯಷ್ಟು ಎತ್ತುವುದು, ಇಳಿಸುವುದು, ಒಬ್ಬರಿಗೊಬ್ಬರು ರೇಗುವುದು ನಡೆಯಿತು. ನಾನು ಕಾದೆ. ಮೇಲೆ ಸಿಮೆಂಟು ಶೀಟು, ಫ್ಯಾನಿನ ಗಾಳಿ ಒಳಗೆ ಬರುವುದಿಲ್ಲ. ಬೆವರು ಕಿವಿಯೊಳಗೆ ಇಳಿಯುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಮೊಣಕೈ ಮಡಚಲು ಜಾಗವಿಲ್ಲ.

ಮಾಡಲು ಬೇರೆ ಕೆಲಸವಿಲ್ಲದೆ ತಲೆ ಹೊರಳಿಸಿದೆ. ಟಾರ್ಚಿನ ಬೆಳಕು ಪಕ್ಕದ ತಗಡಿಗೆ ಅಂಟಿಸಿದ ಒಂದು ಹಾಳೆಯ ಮೇಲೆ ಬಿತ್ತು. ಇವರ ಅಕ್ಷರ. ಹೋಟೆಲಿನ ಅಡುಗೆಮನೆಯಲ್ಲೂ ಇವರದು ಇದೇ ಚಾಳಿ. ಸಾಂಬಾರಿಗೆ ಎರಡನೆಯ ಸಲ ಉಪ್ಪು ಹಾಕಬಾರದು, ಗ್ರೈಂಡರ್ ತಿರುಗುವಾಗ ಕೈ ಹಾಕಬಾರದು ಎಂದು ಗೋಡೆ ತುಂಬ ಬರೆದು ಅಂಟಿಸುತ್ತಾರೆ. ಇದು ಗಂಗಾಧರನಿಗೆಂದು ಯಾವಾಗಲೋ ಬರೆದದ್ದಿರಬೇಕು. ಒಂದು, ಎರಡು ಎಂದು ಓದುತ್ತಾ ಹೋದೆ. ಏಳನೆಯದು ಹೀಗಿತ್ತು:

"ಬೋಲ್ಟಿನ ಮೇಲಿನ ಹಳದಿ ಲೇಪ ಕೊಳೆಯಲ್ಲ. ಉಜ್ಜಬಾರದು. ಆಸಿಡ್, ವಿನೆಗರ್, ಯಾವ ಹುಳಿಯೂ ತಾಗಬಾರದು. ತಾಗಿದರೆ ಉಕ್ಕಿನ ಒಳಗೆ ಹೈಡ್ರೋಜನ್ ಸೇರಿ ಶಕ್ತಿ ಕೆಡುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ಬಿಗಿದ ಮೇಲೆ ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಅಂಥ ಬೋಲ್ಟನ್ನು ಎಸೆಯುವುದು. ಮರುಮಾತಿಲ್ಲ."

ಮರುಮಾತಿಲ್ಲ ಎಂಬುದರ ಕೆಳಗೆ ಎರಡು ಗೆರೆ ಎಳೆದಿತ್ತು.

ಮತ್ತೊಮ್ಮೆ ಓದಿದೆ. ಹುಳಿ ಎಂದೇ ಬರೆದಿತ್ತು. ಕಣ್ಣೆತ್ತಿದರೆ ಎರಡು ಬೋಲ್ಟು ಬಿಳಿಚಿಕೊಂಡು ನನ್ನನ್ನೇ ನೋಡುತ್ತಿದ್ದವು. ಕೈಯಾರೆ ಕೆಡಿಸಿದ್ದೆ. ನಾಲ್ಕನ್ನೂ, ಒಂದನ್ನೂ ಬಿಡದೆ, ಶ್ರದ್ಧೆಯಿಂದ.

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಮುಚ್ಚಿದೆ. ಹೇಳಿದರೆ ಏನಾಗುತ್ತದೆ? ಈ ಬೋಲ್ಟು ಪೇಟೆಯಲ್ಲಿ ಸಿಗುವುದಿಲ್ಲ. ಪರದೇಶದಿಂದ ಕಾಗದಪತ್ರದ ಜೊತೆ ಬರಬೇಕು, ಆಮೇಲೆ ವಿಮಾನ ನೋಡಿ ಒಪ್ಪಿಗೆ ಕೊಡುವ ಇನ್‌ಸ್ಪೆಕ್ಟರು ಹೊಸದಾಗಿ ದಿನ ಕೊಡಬೇಕು. ಫೆಬ್ರವರಿ ಆಗುತ್ತದೆ. ಡಿಸೆಂಬರ್ ಮುಗಿದರೆ ಇವರು ಹಾರುವ ಹಾಗಿಲ್ಲ. ಹನ್ನೊಂದು ವರ್ಷ ಕಟ್ಟಿದ ವಿಮಾನವನ್ನು ಯಾರೋ ಹಾರಿಸುತ್ತಾರೆ, ಇವರು ಕೆಳಗೆ ನಿಂತು ನೋಡುತ್ತಾರೆ. ಹೇಳದಿದ್ದರೆ ಇವರು ಮೇಲೆ ಹೋಗುತ್ತಾರೆ, ಅಲ್ಲಿ ಬೋಲ್ಟು ಮುರಿಯುತ್ತದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಇನ್ನೂ ಒಂದು ಇತ್ತು. ಹನ್ನೊಂದು ವರ್ಷ ಶಾಪ ಹಾಕಿದವಳು ನಾನು. ಕೊನೆಯ ದಿನ ತಾನಾಗಿ ಕೇಳಿ ಬೋಲ್ಟು ಮನೆಗೆ ಒಯ್ದವಳು ನಾನು. ಅರಿಯದೆ ಮಾಡಿದೆ ಎಂದರೆ ಯಾರು ನಂಬುತ್ತಾರೆ? ಮೋನಪ್ಪನಿಗೆ ಗೊತ್ತಾದರೆ ಮಧ್ಯಾಹ್ನದ ಊಟದೊಳಗೆ ಹೋಟೆಲಿಗೆಲ್ಲ ಗೊತ್ತು. ಆದರೆ ಲೋಕದ ಮಾತು ಹಾಳಾಗಲಿ, ಇವರು ಏನೆಂದುಕೊಳ್ಳುತ್ತಾರೆ? ಬೇಕೆಂದೇ ಮಾಡಿದಳು ಎಂದು ಇವರ ಮನಸ್ಸಿನಲ್ಲಿ ಒಮ್ಮೆ ಬಂದರೆ, ಇವರು ಬಾಯಿಬಿಟ್ಟು ಹೇಳುವವರಲ್ಲ, ನಾನು ಸಾಯುವವರೆಗೂ ಅದು ಅಲ್ಲೇ ಇರುತ್ತದೆ.

ಈಗ ಸುಮ್ಮನಿದ್ದು, ಮನೆಗೆ ಹೋದ ಮೇಲೆ ನಿಧಾನವಾಗಿ ಹೇಳಿದರೆ? ನನ್ನನ್ನು ನಾನು ಬಲ್ಲೆ. ಮೊದಲ ದಿನ ಹೇಳದ ಮಾತನ್ನು ನಾನು ಎರಡನೆಯ ದಿನ ಹೇಳಿದವಳಲ್ಲ. ಓಡಿಹೋಗೋಣವೆಂದರೆ ಕಾಲು ಮೇಲೆ, ತಲೆ ಕೆಳಗೆ. ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಕಾಲು ಝಾಡಿಸಿದರೆ ಇಡೀ ವಿಮಾನ ಅಲುಗುತ್ತದೆ.

"ಬಂತು, ಬಂತು! ಹಿಡ್ಕೋ ಮೋನಪ್ಪ" ಎಂದರು ಇವರು. ಕೆಳಗಿನ ಎಡ ತೂತಿನಿಂದ ಮೂರನೆಯ ಬೋಲ್ಟು ಒಳಗೆ ಬಂತು.

"ರತ್ನಾ, ನಟ್ಟು ಹಾಕು."

ನಟ್ಟನ್ನು ಮುಷ್ಟಿಯಲ್ಲೇ ಬಿಗಿಹಿಡಿದುಕೊಂಡೆ.

"ಎಂತ ಆಯ್ತು? ಕೈಗೆ ಎಟಕುದಿಲ್ವಾ?"

"ಎಟಕ್ತದೆ."

"ಮತ್ತೆ?"

"ಮೋನಪ್ಪನನ್ನು ಕಾಫಿ ತರ್ಲಿಕ್ಕೆ ಕಳಿಸಿ."

"ಈಗ್ಲಾ? ಇಂಜಿನ್ನು ನೇತಾಡ್ತಾ ಉಂಟು ಮಾರಾಯ್ತಿ."

"ಚೈನ್ ಬ್ಲಾಕ್ ತಾನೇ ಹಿಡ್ಕೊಳ್ತದೆ ಅಂತ ನೀವೇ ಹೇಳಿದ್ದಲ್ವಾ? ಕಳಿಸಿ."

ಮೋನಪ್ಪ ಗೊಣಗುತ್ತಾ ಹೋದ. "ಅಕ್ಕೇರಿಗೆ ಒಳಗೆ ತಲೆ ತಿರುಗಿರ್ಬೇಕು, ಸಕ್ಕರೆ ಜಾಸ್ತಿ ಹಾಕಿ ತರ್ತೇನೆ" ಎಂದು ಹೇಳಿದ್ದು ಕೇಳಿಸಿತು.

ನಾಲ್ಕನೆಯ ತೂತು ಇನ್ನೂ ಖಾಲಿ ಇತ್ತು. ಅದರಲ್ಲಿ ಇವರ ಅಂಗಿಯ ಗುಂಡಿಯೊಂದು ಕಾಣುತ್ತಿತ್ತು. ಆ ಗುಂಡಿಗೇ ಹೇಳಿದೆ. ಹುಣಸೆಹುಳಿ, ಉಪ್ಪು, ರಾತ್ರಿಯಿಡೀ ನೆನೆಸಿದ್ದು, ನಾರು, ಏಳನೆಯ ನಂಬರು, ಎಲ್ಲ ಒಂದೇ ಉಸಿರಿಗೆ. "ಬೇಕೂಂತ ಮಾಡಿದ್ದಲ್ಲ. ದೇವರಾಣೆ, ನಮ್ಮ ಸಮೀಕ್ಷಾನ ಆಣೆ, ಬೇಕೂಂತ ಮಾಡಿದ್ದಲ್ಲ."

ಗುಂಡಿ ಅಲುಗಲಿಲ್ಲ.

"ಗೊತ್ತುಂಟು" ಎಂದರು ಇವರು.

"ಎಂತ ಗೊತ್ತುಂಟು?"

"ಹುಳಿಯಲ್ಲಿ ತೊಳೆದದ್ದು. ಬೆಳಿಗ್ಗೆ ತಟ್ಟೆ ನೋಡಿದಾಗ್ಲೇ ಗೊತ್ತಾಯ್ತು. ಬೇಕೂಂತ ಮಾಡಿದ್ದಲ್ಲ ಅಂತಲೂ ಗೊತ್ತುಂಟು. ಹೂ ಇಟ್ಟು ತಂದಿದ್ದಿ ಅಲ್ವಾ."

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಮುಷ್ಟಿಯಲ್ಲಿ ತಗಡಿನ ಗೋಡೆಗೆ ಗುದ್ದಿದೆ. ರೆಕ್ಕೆಯ ಒಂದು ಪಟ್ಟಿ ಒಂದು ಮಿಲಿಮೀಟರ್ ಓರೆಯಾಯಿತೆಂದು ಆರು ತಿಂಗಳ ಕೆಲಸ ಬಿಚ್ಚಿ ಎಸೆದ ಮನುಷ್ಯ ಇವರು. "ಗೊತ್ತಿದ್ದೂ ಹಾಕ್ತಾ ಇದ್ರಾ? ನನ್ನ ಕೈಯಲ್ಲೇ ನಟ್ಟು ಹಾಕಿಸ್ತಾ ಇದ್ರಾ?"

"ಹನ್ನೊಂದು ವರ್ಷದಲ್ಲಿ ನೀನು ಇದನ್ನು ಮುಟ್ಟಿದ್ದೇ ಇದು ಮೊದಲ ಸಲ. ಬಿಸಾಡು ಅಂತ ಹೇಗೆ ಹೇಳುದು?"

"ಹಾಗಾದ್ರೆ ನನಗೋಸ್ಕರ ಸಾಯ್ಲಿಕ್ಕೆ ಹೊರಟದ್ದಾ?"

"ಪೂರ್ತಿ ನಿನಗೋಸ್ಕರ ಅಲ್ಲ" ಎಂದರು. "ಸುಳ್ಳು ಹೇಳುದಿಲ್ಲ. ಬೇರೆ ತರಿಸಿದ್ರೆ ಫೆಬ್ರವರಿ. ಒಂದು ಸುತ್ತು ಹಾಕಿ ಇಳಿದ್ರೆ ಸಾಕಿತ್ತು. ಹತ್ತು ನಿಮಿಷ. ಹತ್ತು ನಿಮಿಷಕ್ಕೆ ಎಂತ ಆಗ್ಲಿಕ್ಕುಂಟು ಅಂತ ಅನ್ನಿಸ್ತು."

ಆ ದನಿಯಲ್ಲಿ ಬೇಡುವುದು ಏನೂ ಇರಲಿಲ್ಲ. ಬೇಡಿದ್ದರೆ ನನಗೆ ಸುಲಭವಾಗುತ್ತಿತ್ತು, ಬೈಯಬಹುದಿತ್ತು.

"ನೀನೇ ಹೇಳು ರತ್ನಾ. ಹಾಕುದಾ, ಇಳಿಸುದಾ?"

"ನನ್ನ ತಲೆಗೆ ಕಟ್ಟಬೇಡಿ!"

"ಕಟ್ಟುದಲ್ಲ. ನಟ್ಟು ನಿನ್ನ ಕೈಯಲ್ಲೇ ಉಂಟು."

ಅದು ನಿಜವಾಗಿತ್ತು. ಇವರು ಕಾಲು ಹಿಡಿದು ಎಳೆಯದೆ ನಾನು ಹೊರಗೆ ಬರುವ ಹಾಗಿಲ್ಲ. ನಾನು ನಟ್ಟು ಹಾಕದೆ ಇವರು ಮೇಲೆ ಹೋಗುವ ಹಾಗಿಲ್ಲ. ಮೂವತ್ತಾರು ವರ್ಷದಲ್ಲಿ ಇವರು ನನ್ನನ್ನು ಏನನ್ನಾದರೂ ಕೇಳಿದ್ದೇ ಕಡಿಮೆ. ಬಿಸಿ ನೀರು ಕೂಡ ತಾವೇ ಕಾಯಿಸಿಕೊಳ್ಳುವ ಜಾತಿ. ಹತ್ತು ನಿಮಿಷ ಎಂದು ಕೇಳುತ್ತಿದ್ದಾರೆ. ಹುಳಿಯಲ್ಲಿ ಒಂದು ರಾತ್ರಿ ಇಟ್ಟದ್ದಕ್ಕೆ ಇಷ್ಟು ದಪ್ಪ ಕಬ್ಬಿಣ ಮುರಿಯುತ್ತದೆಯೇ? ಪುಸ್ತಕದವರು ಹೆದರಿಸಲು ಬರೆದಿರಬಹುದು. ನಮ್ಮ ಮನೆಯ ಹಿತ್ತಾಳೆ ದೀಪ ನೂರು ವರ್ಷದಿಂದ ಹುಳಿ ಕುಡಿಯುತ್ತಿದೆ, ಅದಕ್ಕೇನಾಗಿದೆ?

ನನ್ನ ಕೈ ತಾನಾಗಿ ಮೇಲೆ ಹೋಯಿತು. ವಾಷರು ಹಾಕಿತು. ನಟ್ಟನ್ನು ಬೋಲ್ಟಿನ ತುದಿಗೆ ಇಟ್ಟು ಒಂದು ಸುತ್ತು ತಿರುಗಿಸಿತು. ಎರಡು ಸುತ್ತು. ತೂತಿನಲ್ಲಿ ಗುಂಡಿ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಇವರು ಅಷ್ಟು ಜೋರಾಗಿ ಉಸಿರಾಡುತ್ತಿದ್ದರು. ಆ ಆಸೆ ನೋಡಿ ನನಗೆ ಹೆದರಿಕೆಯಾಯಿತು. ಹತ್ತು ನಿಮಿಷಕ್ಕೆ ಇಳಿಯುವ ಮನುಷ್ಯನ ಉಸಿರಲ್ಲ ಅದು. ಒಮ್ಮೆ ಹಾರಿದರೆ ನಾಳೆ ಇನ್ನೊಂದು ಸುತ್ತು, ನಾಡಿದ್ದು ಇನ್ನೊಂದು. ಡಿಸೆಂಬರ್ ಮೂವತ್ತೊಂದರ ಸಂಜೆಯವರೆಗೂ ನಾನು ಅಡುಗೆಮನೆಯಲ್ಲಿ ನಿಂತು ಆಕಾಶ ನೋಡಬೇಕು.

ನಟ್ಟನ್ನು ವಾಪಸ್ಸು ತಿರುಗಿಸಿ ತೆಗೆದೆ.

"ಇಳಿಸಿ" ಎಂದೆ.

ಮೊದಲು ಹಾಕಿದ ಎರಡು ನಟ್ಟನ್ನೂ ನಾನೇ ಬಿಚ್ಚಿದೆ. ಬಿಚ್ಚುವಾಗ ಅಳು ಬಂತು. ಅಂಗಾತ ಮಲಗಿ ಅತ್ತರೆ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಕಿವಿಗೆ ಹೋಗುತ್ತದೆ. ಬೋಲ್ಟುಗಳು ಒಂದೊಂದಾಗಿ ಹಿಂದಕ್ಕೆ ಸರಿದು ಮಾಯವಾದವು. ಮೋನಪ್ಪ ಕಾಫಿ ತಂದ. "ಹತ್ತೂಕಾಲು ಆಯ್ತು ಅಣ್ಣೇರೇ, ರಾಹುಕಾಲ ಹತ್ರ ಬಂತು" ಎಂದ. "ಇವತ್ತು ಬೇಡ ಮೋನಪ್ಪ, ಇಳಿಸುವ" ಎಂದರು ಇವರು, ಏನೂ ಆಗದ ಹಾಗೆ. ಚೈನು ತುಂಬ ಹೊತ್ತು ಕಟಕಟ ಎನ್ನುತ್ತಿತ್ತು. ಅದು ಮುಗಿಯುವವರೆಗೆ ನಾನು ಒಳಗೇ ಇದ್ದೆ. ಕೊನೆಗೆ ಇವರೇ ಬಂದು ನನ್ನ ಎರಡು ಕಾಲು ಹಿಡಿದು ಮೆಲ್ಲಗೆ ಎಳೆದರು. ಅಲ್ಲೇ ಸಿಮೆಂಟಿನ ಮೇಲೆ ಕೂತೆ. ಇವರು ಕಾಫಿ ಆರಿಸಿ ನನ್ನ ಕೈಗೆ ಕೊಟ್ಟರು. ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

ಅಂದೇ ಸಂಜೆ ಹೊಸ ಬೋಲ್ಟಿಗೆ ಬರೆದು ಹಾಕಿದರು. ಇನ್‌ಸ್ಪೆಕ್ಟರಿಗೂ ಬರೆದರು. ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಒಂದು ದಪ್ಪ ಉಕ್ಕಿನ ತುಂಡಿಗೆ ನಾಲ್ಕು ತೂತು ಹಾಕಿ, ನನ್ನ ನಾಲ್ಕು ಬೋಲ್ಟನ್ನೂ ಅದಕ್ಕೆ ಬಿಗಿದು, ತಂದು ಅಡುಗೆಮನೆಯ ಗ್ರೈಂಡರಿನ ಪಕ್ಕ ಇಟ್ಟರು.

"ಇದೆಂತದು?" ಎಂದೆ.

"ಪರೀಕ್ಷೆ. ಪೂರ್ತಿ ಬಿಗಿದು ಇನ್ನೂರು ಗಂಟೆ ಬಿಡ್ಬೇಕು. ಹಾಳಾಗಿದ್ರೆ ಅಷ್ಟರೊಳಗೆ ಮುರೀತದೆ. ಮುರಿಯದಿದ್ರೆ ಏನೂ ಆಗಿರ್ಲಿಲ್ಲ ಅಂತ."

"ಮುರಿಯದಿದ್ರೆ ಹಾಕ್ಲಿಕ್ಕಾಗ್ತದಾ?"

"ಇಲ್ಲ. ಲೇಪ ಹೋಗಿದೆ, ಕಾಗದಪತ್ರದಲ್ಲಿ ಒಪ್ಪುದಿಲ್ಲ. ಇನ್‌ಸ್ಪೆಕ್ಟರಿಗೆ ಬರ್ದೂ ಆಯ್ತಲ್ಲ. ಸುಮ್ಮನೆ ಗೊತ್ತಾಗ್ಲಿ ಅಂತ."

ಇನ್ನೂರು ಗಂಟೆ ಎಂದರೆ ಎಂಟು ದಿನ ಎಂಟು ಗಂಟೆ. ಆ ಎಂಟು ದಿನ ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಅದನ್ನು ನೋಡುತ್ತಿದ್ದೆ. ನಾಲ್ಕೂ ತಲೆ ಎತ್ತಿ ನಿಂತಿರುತ್ತಿದ್ದವು. ಹನ್ನೊಂದು ವರ್ಷ ಆ ವಿಮಾನ ಪೂರ್ತಿ ಮುರಿದುಬೀಳಲಿ ಎಂದು ಹೇಳಿಕೊಂಡವಳು, ಈಗ ಒಂದೇ ಒಂದು ಬೋಲ್ಟು ಮುರಿಯಪ್ಪಾ ಎಂದು ಕೃಷ್ಣನಿಗೆ ಕೈಮುಗಿದೆ. ಮುರಿದರೆ ನಾನು ಇವರ ಜೀವ ಉಳಿಸಿದವಳು. ಮುರಿಯದಿದ್ದರೆ ಇವರ ಹತ್ತು ನಿಮಿಷವನ್ನು ಸುಮ್ಮಸುಮ್ಮನೆ ಕಿತ್ತುಕೊಂಡವಳು. ಬುಧವಾರ ಮುರಿಯಲಿಲ್ಲ. ಶುಕ್ರವಾರ ಮುರಿಯಲಿಲ್ಲ. ಇವರು ಮುಖ ಊದಿಸಿಕೊಂಡು ಕೂರಲಿಲ್ಲ, ಒಂದು ಕಟು ಮಾತು ಆಡಲಿಲ್ಲ, ಪೇಪರು ಓದಿದರು, ತರಕಾರಿ ಹೆಚ್ಚಿಕೊಟ್ಟರು. ನನಗೆ ಮಾತ್ರ ಅನ್ನ ಸೇರಲಿಲ್ಲ. ಆ ಉಕ್ಕಿನ ತುಂಡು ಇರುವ ಕಡೆ ಬೆನ್ನು ಹಾಕಿ ದೋಸೆ ಹುಯ್ಯುತ್ತಿದ್ದೆ. ಶನಿವಾರ ರಾತ್ರಿ ಮಲಗುವಾಗ ನೋಡಿದೆ, ನಾಲ್ಕೂ ಗಟ್ಟಿ. ನಾಳೆ ಸಂಜೆ ನಾಲ್ಕಕ್ಕೆ ಗಡುವು.

ಭಾನುವಾರ ಎಣ್ಣೂರಿನಲ್ಲಿ ಗಂಗಾಧರನ ಮಗುವಿನ ನಾಮಕರಣ. ಇವರು ಸೊಂಟ ನೋವೆಂದು ಬರಲಿಲ್ಲ. ನಾನೊಬ್ಬಳೇ ಹೋಗಿ, ಮಗುವಿನ ಕೈಗೆ ಬೆಳ್ಳಿ ಬಳೆ ಹಾಕಿ, ಊಟದ ಎಲೆಯ ಮುಂದೆ ಕೂತು ಎದ್ದು, ಎರಡೂವರೆಗೆ ಮನೆಗೆ ಬಂದೆ.

"ರತ್ನಾ, ಇಲ್ಲಿ ಬಾ" ಎಂದು ಇವರು ಅಡುಗೆಮನೆಯಿಂದ ಕರೆದರು.

ಉಕ್ಕಿನ ತುಂಡಿನ ಮೇಲೆ ಮೂರು ಬೋಲ್ಟು ಇದ್ದವು. ನಾಲ್ಕನೆಯದರ ತಲೆ ಪಕ್ಕದಲ್ಲಿ ಬಿದ್ದಿತ್ತು.

"ಹನ್ನೆರಡೂವರೆಗೆ ಟಪ್ ಅಂತ ಶಬ್ದ ಆಯ್ತು" ಎಂದರು. "ಮೂರೂವರೆ ಗಂಟೆ ಬಾಕಿ ಇರುವಾಗ. ನೋಡು, ಮೇಲೆ ಹೋಗಿದ್ರೆ ನಾನು ಹೋದ ಹಾಗೇ ಇತ್ತು. ನಿನ್ನಿಂದ ಉಳೀತು."

ನಾನು ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಎಂಟು ದಿನದ್ದೂ ಒಟ್ಟಿಗೆ ಬಂತು. ಇವರು ತಲೆಯ ಮೇಲೆ ಕೈ ಇಟ್ಟು, "ಸೆರಿ ಸೆರಿ, ಆಯ್ತಲ್ಲ, ಇನ್ನೆಂತಕ್ಕೆ ಅಳುದು" ಎಂದು ತಟ್ಟಿದರು. ಕಾಫಿ ಮಾಡು, ಮಿಂದು ಬರುತ್ತೇನೆ ಎಂದು ಬಚ್ಚಲಿಗೆ ಹೋದರು. ಭಾನುವಾರ ಮಧ್ಯಾಹ್ನ ಇವರು ಎರಡನೆಯ ಸಲ ಮೀಯುವುದನ್ನು ನಾನು ಕಂಡದ್ದೇ ಇಲ್ಲ.

ಮೂಗು ಒರೆಸಿಕೊಂಡು ಎದ್ದೆ. ಆ ಬೋಲ್ಟಿನ ತಲೆಯನ್ನು ಕೈಗೆ ತೆಗೆದುಕೊಂಡೆ. ಒಂದು ನಮಸ್ಕಾರ ಹಾಕಿ ಎತ್ತಿಡೋಣ ಎಂದಿದ್ದೆ. ಮುರಿದ ಕಡೆ ತಿರುಗಿಸಿದೆ. ಕಿಟಕಿಯ ಬೆಳಕಿಗೆ ಹಿಡಿದೆ. ಅಲ್ಲಿ ಸಣ್ಣ ಸಣ್ಣ ಗೆರೆ, ಎಲ್ಲವೂ ಒಂದೇ ದಿಕ್ಕಿಗೆ, ಒತ್ತೊತ್ತಾಗಿ. ನಡುವೆ ಒಂದು ಕಡೆ ಗರಗಸ ಜಾರಿ ಮತ್ತೆ ಹಿಡಿದ ಮೆಟ್ಟಿಲು. ಉಕ್ಕಿನ ತುಂಡನ್ನು ಸ್ವಲ್ಪ ಸರಿಸಿದೆ. ಅದರ ಅಡಿಯಲ್ಲಿ ರವೆಯ ಹಾಗೆ ಕಬ್ಬಿಣದ ಪುಡಿ ಇತ್ತು.

ಬೋಲ್ಟು ಮುರಿದಿರಲಿಲ್ಲ. ಹನ್ನೆರಡೂವರೆಯವರೆಗೂ ನಾಲ್ಕೂ ಗಟ್ಟಿಯಾಗಿಯೇ ಇದ್ದವು. ನಾಲ್ಕು ಗಂಟೆಯಾದರೂ ಬಹುಶಃ ಹಾಗೇ ಇರುತ್ತಿದ್ದವು. ಇವರಿಗೆ ಅದು ಗೊತ್ತಿತ್ತು. ಹಾರಿದ್ದರೆ ಹಾರಿ ಇಳಿಯುತ್ತಿದ್ದೆ ಎಂದು ಗೊತ್ತಿತ್ತು. ಗೊತ್ತಿದ್ದೂ, ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ, ನೋಯುವ ಸೊಂಟ ಬಗ್ಗಿಸಿ ಕೂತು, ಅಷ್ಟು ಗಟ್ಟಿ ಉಕ್ಕನ್ನು ಕೈಗರಗಸದಲ್ಲಿ ಕೊಯ್ದಿದ್ದರು. ಒಂದು ಮಿಲಿಮೀಟರಿಗೆ ರೆಕ್ಕೆ ಬಿಚ್ಚುವ ಮನುಷ್ಯ, ಹೆಂಡತಿಗೆ ಸುಳ್ಳು ಹೇಳುವಾಗ ಗೆರೆ ಮುಚ್ಚಲು ಅರ ಹಾಕುವುದನ್ನೂ ಮರೆತಿದ್ದರು.

ಬಚ್ಚಲಿನಲ್ಲಿ ನೀರು ಬೀಳುತ್ತಿತ್ತು. ಬಾಗಿಲು ಬಡಿದು ಕೇಳಿಬಿಡಬೇಕೆನ್ನಿಸಿತು. ಕೇಳಿದರೆ ಇವರು ಕೊಟ್ಟದ್ದನ್ನು ನಾನು ಕಿತ್ತು ಎಸೆದ ಹಾಗೆ. ಕೇಳದಿದ್ದರೆ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇರಬೇಕು, ಇವರು ಹೋದ ಮೇಲೂ. ಇಷ್ಟು ಪ್ರೀತಿ ಮಾಡಲು ಇವರಿಗೆ ಹೇಳಿದವರು ಯಾರು ಎಂದು ಸಿಟ್ಟು ಬಂತು. ಕಬ್ಬಿಣದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಇವರು ತಲೆ ಒರೆಸಿಕೊಳ್ಳುತ್ತಾ ಬಂದರು. ನಾನು ಕಾಫಿ ಕೊಟ್ಟೆ.

"ಒಳ್ಳೇದಾಯ್ತು ಇಳಿಸಿದ್ದು" ಎಂದೆ.

"ಹೌದು ಮತ್ತೆ" ಎಂದರು.